ಪಟ್ಟಣದ ಪೈಪು ಎಲ್ಲಿಗೆ ನಿಲ್ಲುತ್ತೆ?
(ಹಾಸ್ಟೆಲ್ ವಿದ್ಯಾರ್ಥಿಗಳ ಶಿಬಿರದಲ್ಲಿ ಆಡಿದ ಮಾತು)



1972ರಲ್ಲಿ ಬೊಂಬಾಯಿಯ ನಮ್ಮ ಹುಡುಗರು ದಲಿತ ಪ್ಯಾಂಥರ್ಸ್ ಅಂತ ಹೆಸರಿಟ್ಟುಕೊಂಡದ್ದು ಅಮೆರಿಕದ ಬ್ಲ್ಯಾಕ್ ಪ್ಯಾಂಥರ್ ಪಕ್ಷ ನೋಡಿ. ಆ ಪಕ್ಷಕ್ಕೆ ಚಿರತೆ ಸಿಕ್ಕಿದ್ದು ಅಲಬಾಮ ರಾಜ್ಯದ ಲೌಂಡ್ಸ್ ಕೌಂಟಿಯಿಂದ. ಕೌಂಟಿ ಅಂದರೆ ನಮ್ಮ ಜಿಲ್ಲೆಯ ಥರ ಅಂದುಕೊಳ್ಳಿ. 1965ರ ಶುರುವಿನಲ್ಲಿ ಅಲ್ಲಿ ನೂರಕ್ಕೆ ಎಂಬತ್ತು ಜನ ಕಪ್ಪುಜನ. ಓಟರ್ ಪಟ್ಟಿಯಲ್ಲಿ ಅವರಲ್ಲೊಬ್ಬರ ಹೆಸರೂ ಇಲ್ಲ! ಅವರು ಕಟ್ಟಿದ ಸಂಘಟನೆಯ ಚುನಾವಣಾ ಗುರುತು ಕಪ್ಪು ಚಿರತೆ. ಹೋರಾಡಿ ಓಟು ಪಡೆದರು. ಚರಂಡಿ ಮಾತ್ರ ಬರಲಿಲ್ಲ. ನಾವಿವತ್ತು ಮಾತಾಡೋದು ಆ ಚರಂಡಿ ಬಗ್ಗೆ. ಮೂಗು ಮುಚ್ಚಿಕೊಳ್ಳಬೇಡಿ.

ಅಲ್ಲಿನ ನೆಲ ನಮ್ಮ ಎರೆಭೂಮಿಯ ಹಾಗೆ. ಮಳೆಗೆ ಉಬ್ಬುತ್ತೆ, ಬಿಸಿಲಿಗೆ ಬಿರಿಯುತ್ತೆ, ನೀರು ಇಂಗೋದಿಲ್ಲ. ಮಾಮೂಲಿ ಸೆಪ್ಟಿಕ್ ಟ್ಯಾಂಕು ಹಾಕಿದರೆ ಜೋರು ಮಳೆಗೆ ಕೊಳಚೆ ಬಚ್ಚಲಿಗೇ ವಾಪಸ್ಸು. ಕೈಲಾಗದ ಮನೆಯವರು ಕಕ್ಕಸಿನಿಂದ ಪೈಪು ಎಳೆದು ಹಿತ್ತಲಿಗೆ ಬಿಟ್ಟಿದ್ದಾರೆ.

ಹಾಗಾದರೆ ಪಟ್ಟಣದ ಒಳಚರಂಡಿಗೆ ಜೋಡಿಸಿಬಿಡಿ ಅನ್ನಬಹುದು. ಸರಿಯೇ. ಆದರೆ ಮನೆಗಳು ಚೆದುರಿವೆ. ಮೈಲಿಗಟ್ಟಲೆ ಪೈಪು, ನಡುನಡುವೆ ಪಂಪು, ಖರ್ಚು ಹೊರೋದಕ್ಕೆ ಹತ್ತೇ ಮನೆ. ಸಾಲದ್ದಕ್ಕೆ ಪಟ್ಟಣದ ಕೊಳಚೆ ಹೊಂಡವೇ ಆ ಜಿಗುಟು ಮಣ್ಣಿನ ಮೇಲಿದೆ. ಹೇನ್‌ವಿಲ್ ಪಟ್ಟಣದಲ್ಲಿ ಪೈಪಿಗೆ ಸೇರಿ ತಿಂಗಳ ಬಿಲ್ಲು ಕಟ್ಟುವವರ ಮನೆಗೂ ಕೊಳಚೆ ನುಗ್ಗಿದೆ.

ಇನ್ನೊಂದು, ಮನೆಗೊಂದು ವಿಶೇಷ ಟ್ಯಾಂಕು. ಹೊರಗಿನ ಮಣ್ಣು ತಂದು ದಿಬ್ಬ ಮಾಡಿ ಅದರಲ್ಲಿ ನೀರು ಇಂಗಿಸೋದು. ಇದಕ್ಕೆ 15 ಸಾವಿರ ಡಾಲರಿಗೂ ಮೇಲೆ. ಬಡವನ ಕೈಲಿ ಎಲ್ಲಾಗುತ್ತೆ? ಆಗದಿದ್ದರೆ ಕಾನೂನು ಏನು ಮಾಡಿತು ಗೊತ್ತೆ? ಕ್ರಿಮಿನಲ್ ಅಪರಾಧ ಅಂತ ಕೇಸು ಹಾಕಿತು, ಕೆಲವರನ್ನು ಹಿಡಿಯಿತು. ಕ್ಯಾಥರೀನ್ ಕೋಲ್ಮನ್ ಫ್ಲವರ್ಸ್ ಎಂಬ ಆ ಕೌಂಟಿಯ ಹೆಣ್ಣುಮಗಳು ವರ್ಷಗಟ್ಟಲೆ ಇದರ ವಿರುದ್ಧ ಓಡಾಡಿದರು. 2021ರಲ್ಲಿ ಕೇಂದ್ರದ ತನಿಖೆ ಶುರುವಾಯಿತು. 2023ರ ಮೇ ತಿಂಗಳಲ್ಲಿ ಒಪ್ಪಂದ: ಇನ್ನು ಕೇಸು ಹಾಕುವಂತಿಲ್ಲ, ರಾಜ್ಯದ ಆರೋಗ್ಯ ಇಲಾಖೆ ಯೋಜನೆ ಮಾಡಬೇಕು. 2025ರ ಏಪ್ರಿಲಿನಲ್ಲಿ ಹೊಸ ಸರ್ಕಾರ ಆ ಒಪ್ಪಂದವನ್ನೇ ರದ್ದು ಮಾಡಿತು.

ನಮಗೆ ಸರಿ ಕಾಣೋದು ನಡುವಿನ ದಾರಿ. ಪಟ್ಟಣದ ಅಂಚಿನ ಮನೆಗಳನ್ನು ಪೈಪಿಗೆ ಸೇರಿಸಲಿ, ಆದರೆ ಮೊದಲು ಹೊಂಡ ರಿಪೇರಿಯಾಗಲಿ. ದೂರದ ಹತ್ತಿಪ್ಪತ್ತು ಮನೆಗೆ ಒಂದು ಗುಂಪು ವ್ಯವಸ್ಥೆ: ಗಟ್ಟಿ ಮಲ ಮನೆಯ ಟ್ಯಾಂಕಿನಲ್ಲೇ ಉಳಿದು, ತಿಳಿನೀರು ಮಾತ್ರ ಸಣ್ಣ ಪೈಪಲ್ಲಿ ಹರಿದು, ಹತ್ತಿರದ ಚಿಕ್ಕ ಶುದ್ಧೀಕರಣ ಘಟಕ ಸೇರೋದು. ಆದರೆ ಒಂದು ಪಟ್ಟು ಬಿಡಬಾರದು. ಅದರ ಮಾಲೀಕತ್ವ, ದುರಸ್ತಿ, ಸಂಬಳ ಎಲ್ಲ ಸರ್ಕಾರದ್ದೇ ಆಗಬೇಕು. ಜನರ ತಲೆಗೆ ಕಟ್ಟಿದರೆ ಎರಡೇ ವರ್ಷಕ್ಕೆ ಪಂಪು ಕೆಟ್ಟು ಮತ್ತೆ ಹಿತ್ತಲೇ ಗತಿ.

ಎಂಜಿನಿಯರು 'ಮನೆಗೆ ಎಷ್ಟು ಖರ್ಚು' ಅಂತ ಲೆಕ್ಕ ತೋರಿಸುತ್ತಾನೆ. ತುಂಬಿದ ಟ್ಯಾಂಕು ಬಳಿಯೋರು ಯಾರು ಅನ್ನೋ ಕಾಲಮ್ಮು ಅದರಲ್ಲಿ ಇರೋದಿಲ್ಲ. ನಮ್ಮಲ್ಲಿ ಗುಂಡಿಗೆ ಆಳು ಇಳಿಸಬಾರದು ಅಂತ 2013ರಲ್ಲಿ ಕಾಯಿದೆ ಬಂದ ಮೇಲೂ ಮ್ಯಾನ್‌ಹೋಲಿನಲ್ಲಿ ಸತ್ತವರು ಯಾರ ಮಕ್ಕಳು ಅಂತ ನಿಮಗೆ ಹೇಳಬೇಕಿಲ್ಲ.

ರಜೆಗೆ ಊರಿಗೆ ಹೋದಾಗ ಒಂದು ಕೆಲಸ ಮಾಡಿ. ಪಟ್ಟಣದ ಪೈಪು ನಿಮ್ಮ ಕೇರಿಗೆ ಎಷ್ಟು ಗಜ ಮುಂಚೆ ನಿಂತಿದೆ ಅಂತ ಅಳೆದು, ನೋಟ್‌ಬುಕ್ಕಿನಲ್ಲಿ ಬರ್ಕೊಂಡು ಬನ್ನಿ. ಮುಂದಿನ ಸಭೆಯಲ್ಲಿ ಒಬ್ಬೊಬ್ಬರೇ ಓದೋಣ.