ಆಯುಧ ಸುಟ್ಟವರ ವಲಸೆ



ಟಾಲ್‌ಸ್ಟಾಯ್ ಅವರ ‘ಪುನರುತ್ಥಾನ’ ಕಾದಂಬರಿಯನ್ನು ತರಗತಿಯಲ್ಲಿ ಪ್ರಸ್ತಾಪಿಸುವಾಗಲೆಲ್ಲ ಅದು ಪಾಪ ಪಶ್ಚಾತ್ತಾಪಗಳ ಕಥೆಯೆಂದು ಹೇಳಿ ಮುಗಿಸುತ್ತಿದ್ದೆ. ಅದರ ಸಂಭಾವನೆ ಒಂದು ಜನಾಂಗದ ಹಡಗಿನ ವೆಚ್ಚಕ್ಕೆ ಒದಗಿತೆಂಬುದು ನನಗೆ ತಿಳಿದದ್ದು ನಿವೃತ್ತನಾದ ಮೇಲೆ. ಆ ಜನರೇ ರಷ್ಯದ ದುಖೊಬೋರರು.

‘ಪವಿತ್ರಾತ್ಮನ ವಿರುದ್ಧ ಸೆಣಸುವವರು’ ಎಂದು ಹದಿನೆಂಟನೆಯ ಶತಮಾನದಲ್ಲಿ ಮಠಾಧಿಕಾರಿಗಳು ಜರೆದು ಇಟ್ಟ ಹೆಸರದು. ‘ಆತ್ಮಬಲದಿಂದ ಸೆಣಸುವವರು’ ಎಂದು ಅರ್ಥವನ್ನು ತಿರುಗಿಸಿ, ಅವರು ಆ ನಿಂದೆಯನ್ನೇ ಬಿರುದಾಗಿಸಿಕೊಂಡರು. ದೇವರು ಮನುಷ್ಯನ ಒಳಗೇ ಇರುವನಾದ್ದರಿಂದ ಗುಡಿಯೂ ಬೇಡ, ಪುರೋಹಿತನೂ ಬೇಡ. ಮನುಷ್ಯನನ್ನು ಕೊಲ್ಲುವ ಆಯುಧವಂತೂ ಬೇಡವೇ ಬೇಡ. 1895ರಲ್ಲಿ ಕಾಕಸಸ್ ಪ್ರಾಂತದಲ್ಲಿ ತಮ್ಮ ಆಯುಧಗಳನ್ನೆಲ್ಲ ರಾಶಿ ಹಾಕಿ ಸುಟ್ಟರು. ಚಕ್ರವರ್ತಿಯ ಉತ್ತರ ಕೊಸ್ಯಾಕರ ಚಾವಟಿಯಾಗಿತ್ತು. ಸಾವಿರಾರು ಜನ ಮನೆಮಠ ಕಳೆದುಕೊಂಡರು. ಅನೇಕರು ರೋಗಕ್ಕೂ ಹಸಿವಿಗೂ ಬಲಿಯಾದರು.

ಟಾಲ್‌ಸ್ಟಾಯ್ ಮತ್ತು ಕ್ವೇಕರರ ನೆರವಿನಿಂದ, 1899ರಲ್ಲಿ ಸುಮಾರು 7,500 ಮಂದಿ ಕೆನಡಾ ಸೇರಿದರು. ಸೈನಿಕಸೇವೆಯಿಂದ ಅವರಿಗೆ ವಿನಾಯಿತಿಯ ಭರವಸೆ ದೊರೆತಿತ್ತು. ಇಂದಿನ ಸಸ್ಕಾಚವಾನ್ ಪ್ರಾಂತದ ಬಯಲಿನಲ್ಲಿ ನೆಲ ಸಿಕ್ಕಿತು. ಗಂಡಸರು ಕೂಲಿಗಾಗಿ ರೈಲುದಾರಿಯ ಕೆಲಸಕ್ಕೆ ಹೋದಾಗ, ಉಳುವ ದನಗಳ ಕೊರತೆಯಿದ್ದಲ್ಲಿ, ಹೆಂಗಸರೇ ನೇಗಿಲಿಗೆ ಹೆಗಲು ಕೊಟ್ಟರು. ಶ್ರಮ ಮತ್ತು ಶಾಂತಿಯ ಬದುಕು—ಇದು ಅವರ ಧ್ಯೇಯವಾಕ್ಯ. ಕಾಯಕವೆಂಬ ಮಾತನ್ನು ಕೇಳಿ ಬೆಳೆದ ನಮಗೆ ಇದೇನೂ ಅಪರಿಚಿತವಲ್ಲ.

ಆದರೆ ನೆಲದ ಒಡೆತನ ಪಡೆಯಬೇಕಾದರೆ ಅದನ್ನು ಒಬ್ಬೊಬ್ಬರ ಹೆಸರಿನಲ್ಲಿ ಬರೆಸಬೇಕು, ದೊರೆಗೆ ನಿಷ್ಠೆಯ ಪ್ರಮಾಣ ಮಾಡಬೇಕು ಎಂದಿತು ಕಾನೂನು. ಊರೊಟ್ಟಿನ ಭೂಮಿಯನ್ನು ಹಂಚಿಕೊಳ್ಳುವುದು ಹೇಗೆ? ದೇವರಿಗಲ್ಲದೆ ಮತ್ತೊಬ್ಬರಿಗೆ ಪ್ರಮಾಣ ಮಾಡುವುದು ಹೇಗೆ? ಕೆಲವರು ಒಪ್ಪಿದರು, ಬಹುಮಂದಿ ಒಪ್ಪಲಿಲ್ಲ. 1907ರಲ್ಲಿ ಲಕ್ಷಾಂತರ ಎಕರೆ ಕೈತಪ್ಪಿತು. ಪೀಟರ್ ವೆರಿಗಿನ್ ಎಂಬ ನಾಯಕನ ಹಿಂದೆ ಸಾವಿರಾರು ಜನ, 1908ರಿಂದ, ಬ್ರಿಟಿಷ್ ಕೊಲಂಬಿಯಾದ ಕಣಿವೆಗಳಿಗೆ ಹೋಗಿ ಮತ್ತೆ ಕಾಡು ಕಡಿದು, ತೋಟ ಹಾಕಿದರು. 1924ರಲ್ಲಿ ರೈಲಿನಲ್ಲಿ ನಡೆದ ಸ್ಫೋಟವೊಂದರಲ್ಲಿ ಆತ ಮಡಿದ.

ಅವರನ್ನು ಸಂತರೆಂದು ಚಿತ್ರಿಸಲು ನಾನು ಹೊರಟಿಲ್ಲ. ‘ಸ್ವಾತಂತ್ರ್ಯಪುತ್ರರು’ ಎಂಬ ಸಣ್ಣ ಪಂಗಡವೊಂದು ಬೆತ್ತಲೆ ಮೆರವಣಿಗೆ ನಡೆಸಿತು. ಮನೆ, ಶಾಲೆಗಳಿಗೂ ಬೆಂಕಿಯಿಟ್ಟಿತು. ಆಯುಧ ಸುಟ್ಟ ಬೆಂಕಿ ಎಲ್ಲಿ, ನೆರೆಯವನ ಮನೆ ಸುಟ್ಟ ಬೆಂಕಿ ಎಲ್ಲಿ! ಸರ್ಕಾರವೂ ವಿವೇಕ ಮರೆಯಿತು. 1953ರಿಂದ 1959ರವರೆಗೆ ಆ ಪಂಗಡದ ಸುಮಾರು 200 ಮಕ್ಕಳನ್ನು ತಾಯ್ತಂದೆಯರಿಂದ ಬಿಡಿಸಿ ನ್ಯೂ ಡೆನ್ವರ್‌ನಲ್ಲಿ ಕೂಡಿಹಾಕಿತು. ಭೇಟಿಯ ದಿನ ತಾಯಿ ತಂತಿಬೇಲಿಯ ಆಚೆ, ಮಗು ಈಚೆ. ಆ ಪ್ರಾಂತದ ಸರ್ಕಾರ ಇದಕ್ಕಾಗಿ ಕ್ಷಮೆ ಕೋರಿದ್ದು 2024ರಲ್ಲಿ. ಅಷ್ಟರಲ್ಲಿ ಆ ಮಕ್ಕಳು ಮುದುಕರಾಗಿದ್ದರು. ಹಲವರು ಇರಲೇ ಇಲ್ಲ.

ಆಶ್ರಯ ಕೊಟ್ಟವನು ಅತಿಥಿಯಿಂದ ಏನನ್ನೆಲ್ಲ ಕೇಳಬಹುದು? ಅವನ ದುಡಿಮೆಯನ್ನು ಕೇಳಬಹುದು, ನೆರೆಯವರಿಗೆ ಕೇಡು ಬಗೆಯದಿರು ಎನ್ನಬಹುದು. ಅವನ ಅಂತಃಸಾಕ್ಷಿಯನ್ನೂ ಕೇಳಬಹುದೆ? ಇಂದು ತರಗತಿಗೆ ಹೋಗುವ ಭಾಗ್ಯ ನನಗಿದ್ದಿದ್ದರೆ, ಆ ಕಾದಂಬರಿಯ ಪಾಠವನ್ನು ಈ ಪ್ರಶ್ನೆಯಿಂದ ಆರಂಭಿಸುತ್ತಿದ್ದೆ.