ಗಾಜಿಗಂಟಿಸಿದ ಚೀಟಿ

ತಪ್ಪು ಮಾಡುವುದು ಒಂದು. ತಪ್ಪು ಮಾಡಿಲ್ಲವೆಂದು ತೋರಿಸದೆ ಇರುವುದು ಇನ್ನೊಂದು. ಈ ಎರಡನ್ನೂ ಕಾನೂನು ಒಂದೇ ತಕ್ಕಡಿಯಲ್ಲಿಟ್ಟು ತೂಗಬಹುದೆ? ಪ್ರಶ್ನೆ ದೊಡ್ಡದಾಗಿ ಕೇಳಿಸುತ್ತದೆ. ಆದರೆ ಇದು ಹುಟ್ಟಿಕೊಳ್ಳುವುದು ಅಂಗೈಗಿಂತ ಚಿಕ್ಕದಾದ ಒಂದು ಕಾಗದದ ಚೂರಿನಿಂದ. ಮೋಟಾರು ಗಾಡಿಯ ಮುಂದಿನ ಗಾಜಿಗೆ ಅಂಟಿಸುವ ಪರೀಕ್ಷೆಯ ಚೀಟಿಯ ಮಾತು ಹೇಳುತ್ತಿದ್ದೇನೆ.

ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಪ್ರತಿಯೊಂದು ಕಾರನ್ನೂ ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಬೇಕು. ಬ್ರೇಕು, ದೀಪ, ಟೈರು, ಚುಕ್ಕಾಣಿ ಎಲ್ಲವೂ ಸರಿಯಾಗಿವೆಯೆಂದು ಪರವಾನಗಿ ಪಡೆದ ಗ್ಯಾರೇಜಿನವರು ನೋಡಿ, ಸರಿಯೆನಿಸಿದರೆ ಒಂದು ಚೀಟಿಯನ್ನು ಮುಂದಿನ ಗಾಜಿನ ಒಳಗಡೆ, ಚಾಲಕನ ಬದಿಯ ಕೆಳಮೂಲೆಯಲ್ಲಿ ಅಂಟಿಸಿ ಕಳುಹಿಸುತ್ತಾರೆ. ಗಡುವು ಯಾವಾಗ ಮುಗಿಯುತ್ತದೆಂಬುದು ಅದರ ಮೇಲೆ ಕಾಣುತ್ತದೆ. ಇಲ್ಲಿಯ ತನಕ ಯಾರ ತಕರಾರೂ ಇಲ್ಲ. ಗಾಡಿ ಸುಸ್ಥಿತಿಯಲ್ಲಿರಲಿ ಎಂಬುದು ದಾರಿಹೋಕರೆಲ್ಲರ ಹಿತದ ಮಾತೇ ಆಗಿದೆ.

ತಕರಾರು ಮೊದಲಾಗುವುದು ಗಾಡಿ ನಿಂತ ಮೇಲೆ. ನ್ಯೂಯಾರ್ಕ್ ನಗರದ ಬೀದಿಗಳಲ್ಲಿ ರಸ್ತೆಯಂಚಿನ ಸಾಲುಗಾಡಿಗಳನ್ನು ನೋಡುತ್ತ ನಡೆಯುವ ನಗರದ ನೌಕರರಿದ್ದಾರೆ. ನಿಲ್ಲಬಾರದ ಜಾಗದಲ್ಲಿ ನಿಂತ ಗಾಡಿಗೆ ಅವರು ದಂಡ ಹಾಕುತ್ತಾರೆಂಬುದು ಸಹಜ. ಆದರೆ ನಿಲ್ಲಬಹುದಾದ ಜಾಗದಲ್ಲಿ, ಸಲ್ಲಿಸಬೇಕಾದ ಕಾಸನ್ನು ಸಲ್ಲಿಸಿ, ಗೆರೆ ದಾಟದೆ ನಿಂತಿರುವ ಗಾಡಿಗೂ ದಂಡ ಬೀಳಬಹುದು. ಗಾಜಿನ ಮೇಲೆ ಪರೀಕ್ಷೆಯ ಚೀಟಿ ಕಾಣದಿದ್ದರೆ 65 ಡಾಲರು. ಚೀಟಿಯ ಗಡುವು ಮುಗಿದಿದ್ದರೆ ಅದೇ 65 ಡಾಲರು. ಚೀಟಿ ಹಾಳಾಗಿದ್ದರೆ ಅಥವಾ ನಕಲಿಯಾಗಿದ್ದರೆ ಆಗಲೂ 65 ಡಾಲರು. ಪಕ್ಕದಲ್ಲೇ ಇರಬೇಕಾದ ನೋಂದಣಿಯ ಚೀಟಿಗೂ ಇದೇ ದರ.

ಈ ಲೆಕ್ಕವನ್ನು ಸ್ವಲ್ಪ ಗಮನಿಸಿ. ಗಾಡಿಯನ್ನು ಪರೀಕ್ಷೆಗೆ ಒಯ್ಯದೆ ತಪ್ಪಿಸಿಕೊಂಡವನು ಒಬ್ಬ. ಪರೀಕ್ಷೆ ಮಾಡಿಸಿದ್ದರೂ ಚೀಟಿಯ ಅಂಟು ಬಿಟ್ಟು ಅದು ಆಸನದ ಕೆಳಗೆ ಜಾರಿ ಹೋದವನು ಇನ್ನೊಬ್ಬ. ನಗರದ ದಂಡದ ಪಟ್ಟಿಯಲ್ಲಿ ಇವರಿಬ್ಬರಿಗೂ ಒಂದೇ ಸಂಖ್ಯೆ, ಒಂದೇ ಬೆಲೆ. ನಕಲಿ ಚೀಟಿ ಅಂಟಿಸಿದ ಠಕ್ಕನೂ ಚೀಟಿ ಹರಿದುಹೋದ ಸಾಧುವೂ ಒಂದೇ ಸಾಲಿನಲ್ಲಿ ನಿಂತಿದ್ದಾರೆ! ಕಲ್ಲು ಬಡಿದು ಗಾಜು ಒಡೆದು ಹೊಸ ಗಾಜು ಹಾಕಿಸಿದಿರೆನ್ನಿ, ಹಳೆಯ ಗಾಜಿನ ಜೊತೆಗೇ ಚೀಟಿಯೂ ಹೋಯಿತು. ಬದಲಿ ಚೀಟಿ ಬರುವ ತನಕ ಗಾಡಿ ಮೂಕ.

ಇಂಥವರಿಗೆ ಪರಿಹಾರವಿಲ್ಲವೆಂದಲ್ಲ. 30 ದಿನದೊಳಗೆ ದಂಡ ಕಟ್ಟಬಹುದು, ಇಲ್ಲವೆ ಆಕ್ಷೇಪಣೆ ಸಲ್ಲಿಸಿ ವಿಚಾರಣೆ ಕೇಳಬಹುದು. ಸುಮ್ಮನಿದ್ದರೆ ದಂಡದ ಮೇಲೆ ದಂಡ ಬೆಳೆಯುತ್ತದೆ. ದಾಖಲೆಗಳನ್ನು ಕೂಡಿಸಿ, ಚಿತ್ರ ತೆಗೆದು, ಅರ್ಜಿ ಬರೆದು ಕಾಯಲು ಬಿಡುವಿದ್ದವನಿಗೆ ಇದು ಪರಿಹಾರ. ದಿನಗೂಲಿಯ ಮೇಲೆ ಬದುಕುವವನು ಲೆಕ್ಕ ಹಾಕಿ ನೋಡಿ, ಕಟ್ಟಿಬಿಡುವುದೇ ಅಗ್ಗವೆಂದು ಕಟ್ಟಿಬಿಡುತ್ತಾನೆ. ಇನ್ನೊಂದು ಸಂಗತಿಯೂ ಉಂಟು. ಮನೆಗೆ ಸ್ವಂತ ಗ್ಯಾರೇಜು ಇರುವವನ ಗಾಡಿಯ ಚೀಟಿಯನ್ನು ರಾತ್ರಿಯ ಹೊತ್ತು ಯಾರೂ ಬಾಗಿ ನೋಡುವುದಿಲ್ಲ. ಬೀದಿಯಲ್ಲಿ ಗಾಡಿ ಬಿಟ್ಟು ಮಲಗಬೇಕಾದವನದು ಹಗಲೂ ರಾತ್ರಿಯೂ ಪರಿಶೀಲನೆಗೆ ತೆರೆದಿರುತ್ತದೆ. ಗಾಡಿಗಳ ದೋಷ ಒಂದೇ ಆದರೂ ಸಿಕ್ಕಿಬೀಳುವ ಸಂಭವ ಒಂದೇ ಅಲ್ಲ.

ನಿಂತಿರುವ ಗಾಡಿ ಯಾರಿಗೆ ಏನು ಅಪಾಯ ಮಾಡೀತು, ಅದಕ್ಕೇಕೆ ದಂಡ ಎಂದು ನೀವು ಕೇಳಬಹುದು. ನಗರದವರ ಪರವಾಗಿ ಹೇಳಬೇಕಾದ ಮಾತು ಇಲ್ಲಿದೆ. ಓಡುವ ಗಾಡಿಯ ಗಾಜಿನ ಮೂಲೆಯನ್ನು ಓದುವುದು ಯಾರಿಗೆ ಸಾಧ್ಯ? ಓದಬೇಕಾದರೆ ಅದನ್ನು ತಡೆಯಬೇಕು. ತಡೆದರೆ ಹಿಂದಿನ ನೂರು ಗಾಡಿ ನಿಲ್ಲುತ್ತವೆ. ನಿಂತ ಗಾಡಿಯೊಂದೇ ಸಾವಧಾನವಾಗಿ ಓದಿಸಿಕೊಳ್ಳುತ್ತದೆ. ಬ್ರೇಕು ಸರಿಯಿಲ್ಲದ ಗಾಡಿ ಮಗುವೊಂದರ ಮೇಲೆ ಹರಿಯುವುದಕ್ಕೆ ಮೊದಲೇ, ಅದು ನಿಂತಿರುವಾಗಲೇ ಅದನ್ನು ಗುರುತಿಸುವುದು ಮೇಲಲ್ಲವೆ? ಈ ವಾದದಲ್ಲಿ ಹುರುಳಿದೆ. ಚೀಟಿ ಎಂಬುದು ಯಜಮಾನ ಊರಲ್ಲಿಲ್ಲದಾಗ ಗಾಡಿಯ ಪರವಾಗಿ ಸಾಕ್ಷಿ ಹೇಳುವ ನಾಲಗೆ.

ಆದರೆ ಈಗ ಕಾಲ ಬದಲಾಗಿದೆ. ಪರೀಕ್ಷೆಯ ಫಲಿತಾಂಶ ಗಾಜಿನ ಮೇಲಷ್ಟೇ ಅಲ್ಲ, ಸರಕಾರದ ಗಣಕಯಂತ್ರದಲ್ಲೂ ದಾಖಲಾಗುತ್ತದೆ. ಗಾಡಿಯ ಸಂಖ್ಯೆ ಗೊತ್ತಾದರೆ ಉಳಿದದ್ದನ್ನು ದಫ್ತರ ಹೇಳುತ್ತದೆ. ಹಾಗಿರುವಾಗ ಚೀಟಿ ಏಕೆ? ಇದೇ ಪ್ರಶ್ನೆಯನ್ನು ಬ್ರಿಟನ್ನಿನವರು ಕೇಳಿಕೊಂಡು ಅದಕ್ಕೊಂದು ಉತ್ತರವನ್ನೂ ಕೊಟ್ಟರು. ಆ ಉತ್ತರದಿಂದ ಯಾರೂ ಎಣಿಸದ ಒಂದು ಪರಿಣಾಮ ಹೊರಬಿತ್ತು.

ಬ್ರಿಟನ್ನಿನ ಚೀಟಿ ಪರೀಕ್ಷೆಯದಲ್ಲ, ತೆರಿಗೆಯದು. ಅಲ್ಲಿ 1960ರಿಂದ ಗಾಡಿಗಳ ಪರೀಕ್ಷೆಯೂ ಇದೆಯಾದರೂ ಅದರ ಗುರುತನ್ನು ಕಾರಿನ ಗಾಜಿಗೆ ಅಂಟಿಸುವ ಪದ್ಧತಿಯಿಲ್ಲ. ತೆರಿಗೆ ಕಟ್ಟಿದ ಗುರುತಿನ ಗುಂಡು ಚೀಟಿ ಮಾತ್ರ 1921ರಿಂದ ಗಾಜಿನ ಮೇಲೆ ಕುಳಿತಿತ್ತು. ಅವರ ಕಾನೂನಿನಲ್ಲಿ ನನಗೆ ಮೆಚ್ಚುಗೆಯಾದ ಅಂಶವೊಂದಿದೆ. ತೆರಿಗೆ ಕಟ್ಟದಿರುವುದನ್ನೂ ಚೀಟಿ ತೋರಿಸದಿರುವುದನ್ನೂ ಅವರು ಬೇರೆಬೇರೆಯಾಗಿ ತೂಗಿದ್ದರು. 1994ರ ಕಾಯಿದೆಯ ಪ್ರಕಾರ ಚೀಟಿ ತೋರಿಸದವನಿಗೆ ಹೆಚ್ಚೆಂದರೆ 200 ಪೌಂಡು ದಂಡ. ತೆರಿಗೆಯನ್ನೇ ಕಟ್ಟದವನಿಗೆ 1,000 ಪೌಂಡು ಅಥವಾ ತೆರಿಗೆಯ ಐದರಷ್ಟು, ಯಾವುದು ಹೆಚ್ಚೋ ಅಲ್ಲಿಯವರೆಗೆ. ಮರೆವಿಗೂ ವಂಚನೆಗೂ ನಡುವೆ ಗೆರೆ ಎಳೆದಿದ್ದರು.

2014ರ ಅಕ್ಟೋಬರ್ 1ರಂದು ಆ ಗುಂಡು ಚೀಟಿಯನ್ನು ತೆಗೆದುಹಾಕಿದರು. ಕ್ಯಾಮರಾಗಳು ಸಂಖ್ಯಾಫಲಕವನ್ನು ಓದುತ್ತವೆ, ಯಂತ್ರ ಪಟ್ಟಿಯನ್ನು ನೋಡುತ್ತದೆ, ಕಾಗದವೇಕೆ ಎಂಬ ವಾದ ಸರಿಯಾಗಿಯೇ ಇತ್ತು. ಆಮೇಲೆ ಏನಾಯಿತು ಗೊತ್ತೆ? ಸರಕಾರವೇ ರಸ್ತೆಗಳಲ್ಲಿ ನಡೆಸಿದ ಎಣಿಕೆಯಂತೆ, 2013ರಲ್ಲಿ ತೆರಿಗೆ ಕಟ್ಟದೆ ಓಡುತ್ತಿದ್ದ ಗಾಡಿಗಳು 1,000ಕ್ಕೆ 6. 2015ರಲ್ಲಿ ಅದು 14 ಆಯಿತು. 2017ರಲ್ಲಿ 18. ಇದಕ್ಕೆ ಇನ್ನೊಂದು ಕಾರಣವನ್ನೂ ಹೇಳದಿದ್ದರೆ ಅನ್ಯಾಯವಾದೀತು: ಗಾಡಿ ಮಾರಿದಾಗ ಉಳಿದ ತೆರಿಗೆ ಕೊಂಡವನಿಗೆ ಸಲ್ಲುತ್ತಿದ್ದ ಹಳೆಯ ಪದ್ಧತಿಯೂ ಆಗಲೇ ನಿಂತುಹೋಯಿತು. ಹಾಗಾದರೂ ಗಾಜಿನ ಮೇಲಿನ ಚೀಟಿ ಪೋಲೀಸರಿಗಿಂತ ಹೆಚ್ಚಾಗಿ ಯಜಮಾನನಿಗೇ ಮಾತು ಹೇಳುತ್ತಿತ್ತು ಎಂದು ನಾನು ನಂಬುತ್ತೇನೆ. ದಿನವೂ ಕಣ್ಣಿಗೆ ಬೀಳುತ್ತಿದ್ದ ತಾರೀಖು ಹೋಯಿತು. ಅದರೊಡನೆ ನೆನಪೂ ಹೋಯಿತು.

ನಾನು ಹೀಗೆ ಹೇಳಿದರೆ ಊಹೆಯೆಂದು ತಳ್ಳಿಹಾಕಬಹುದು. ಆದರೆ ಜಪಾನಿನ ಸರಕಾರ ಇದೇ ಊಹೆಯನ್ನು ನಿಯಮವನ್ನಾಗಿಯೇ ಮಾಡಿದೆ. ಅಲ್ಲಿ ಹೊಸ ಕಾರಿಗೆ ಮೂರು ವರ್ಷಕ್ಕೆ ಮೊದಲ ಪರೀಕ್ಷೆ, ಅನಂತರ ಎರಡೆರಡು ವರ್ಷಕ್ಕೊಮ್ಮೆ. ಪರೀಕ್ಷೆಯ ಸಣ್ಣ ಚೌಕದ ಚೀಟಿಯನ್ನು ಬಹುಕಾಲ ಗಾಜಿನ ಮೇಲ್ಭಾಗದ ನಡುವೆ, ಹಿಂದೆ ನೋಡುವ ಕನ್ನಡಿಯ ಮರೆಯಲ್ಲಿ ಅಂಟಿಸುತ್ತಿದ್ದರು. ಹೊರಗಿನವರಿಗೆ ಅದು ಚೆನ್ನಾಗಿ ಕಾಣುತ್ತಿತ್ತು; ಒಳಗೆ ಕುಳಿತು ನಡೆಸುವವನಿಗೆ ಮಾತ್ರ ಕನ್ನಡಿ ಅಡ್ಡ. ಗಡುವು ಮೀರಿದ್ದು ತಿಳಿಯದೆಯೇ ಗಾಡಿ ಓಡಿಸುವವರು ಇದ್ದಾರೆಂದು ಕಂಡು, 2023ರ ಜುಲೈ 3ರಿಂದ ಚೀಟಿಯ ಜಾಗವನ್ನೇ ಬದಲಿಸಿದರು. ಈಗ ಅದು ಚಾಲಕನ ಬದಿಯ ಮೇಲ್ಮೂಲೆಗೆ ಬಂದಿದೆ. ಚೀಟಿಯ ಬೆನ್ನ ಮೇಲೆ, ಅಂದರೆ ಚಾಲಕನ ಕಡೆಗೆ, ಗಡುವಿನ ವರ್ಷ ತಿಂಗಳು ದಿನ ಮೂರೂ ಅಚ್ಚಾಗಿರುತ್ತವೆ. ಚೀಟಿ ಅದೇ, ಗಾಜು ಅದೇ. ಅದರ ಓದುಗ ಮಾತ್ರ ಬದಲಾದ.

ಜಪಾನಿನ ಈ ಜಾಣತನದ ಪಕ್ಕದಲ್ಲೇ ಒಂದು ವಿಚಿತ್ರವೂ ಇದೆಯೆಂದು ಹೇಳಲೇಬೇಕು. ಅಲ್ಲಿಯ ಕಾಯಿದೆಯಲ್ಲಿ ಪರೀಕ್ಷೆಯಿಲ್ಲದ ಗಾಡಿ ಓಡಿಸಿದವನಿಗೆ ಆರು ತಿಂಗಳವರೆಗೆ ಸೆರೆ, ಇಲ್ಲವೆ 3 ಲಕ್ಷ ಯೆನ್‌ವರೆಗೆ ದಂಡ. ಚೀಟಿ ಕಾಣದಂತೆ ಗಾಡಿ ಓಡಿಸಿದವನಿಗೆ ಸೆರೆಯಿಲ್ಲ, ದಂಡ ಮಾತ್ರ ಗರಿಷ್ಠ 5 ಲಕ್ಷ ಯೆನ್! ಹಣದ ಮಟ್ಟಿಗೆ ನೋಡಿದರೆ ಇಲ್ಲದ್ದಕ್ಕಿಂತ ತೋರಿಸದ್ದೇ ದುಬಾರಿ. ಬ್ರಿಟನ್ನಿನವರು ಹಗುರವೆಂದು ತೂಗಿದ್ದನ್ನು ನ್ಯೂಯಾರ್ಕಿನವರು ಸಮವೆಂದು ತೂಗಿದರು. ಜಪಾನಿನವರು ಭಾರವೆಂದು ತೂಗಿದರು. ತೋರಿಕೆಗೆ ಎಷ್ಟು ಬೆಲೆ ಎಂಬ ವಿಷಯದಲ್ಲಿ ಮೂರು ದೊಡ್ಡ ದೇಶಗಳಿಗೆ ಮೂರು ಅಭಿಪ್ರಾಯ.

ನ್ಯಾಯವಾದ ದಾರಿ ಯಾವುದೆಂದು ಕೇಳಿದರೆ ನಾನು ಬ್ರಿಟನ್ನಿನ ಹಳೆಯ ತಕ್ಕಡಿಯನ್ನೂ ಜಪಾನಿನ ಹೊಸ ಜಾಗವನ್ನೂ ಒಟ್ಟಿಗೆ ಆರಿಸಿಕೊಳ್ಳುತ್ತೇನೆ. ಪರೀಕ್ಷೆ ಆಗಿದೆಯೆಂದು ದಫ್ತರವೇ ಹೇಳುವಾಗ, ಉದುರಿದ ಚೀಟಿಗಾಗಿ ಒಂದು ಎಚ್ಚರಿಕೆ ಸಾಕು. ಪರೀಕ್ಷೆಯನ್ನೇ ತಪ್ಪಿಸಿದವನಿಗೆ ಮಾತ್ರ 65 ಡಾಲರು ಹೆಚ್ಚೇನಲ್ಲ.

ನಮ್ಮಲ್ಲಿ ಹೇಗಿದೆ? ಸ್ಕೂಟರಿನ ಮುಂದೆ ಗುಂಡನೆಯ ಡಬ್ಬಿಯಲ್ಲಿ ತೆರಿಗೆಯ ಚೀಟಿ ಸಿಕ್ಕಿಸಿಕೊಂಡು ಓಡಾಡಿದ ಕಾಲ ವಯಸ್ಸಾದವರಿಗೆ ನೆನಪಿರಬಹುದು. 2019ರ ಏಪ್ರಿಲ್ 1ರ ಈಚೆಗೆ ಬಂದ ಕಾರುಗಳ ಗಾಜಿನ ಮೇಲೆ ಈಗ ಬಣ್ಣದ ಚೀಟಿಯಿದೆ: ಪೆಟ್ರೋಲಿಗೆ ತಿಳಿನೀಲಿ, ಡೀಸೆಲಿಗೆ ಕಿತ್ತಳೆ. ಗಾಡಿ ಏನನ್ನು ಕುಡಿಯುತ್ತದೆಂದು ಅದು ಊರಿಗೆಲ್ಲ ಹೇಳುತ್ತದೆ. ಪರೀಕ್ಷೆಯ ಗಡುವನ್ನು ಮಾತ್ರ ಹೇಳುವುದಿಲ್ಲ. ನಾವು ಎಮಿಷನ್ ಟೆಸ್ಟ್ ಎಂದು ಕರೆಯುವ ಹೊಗೆಯ ಪರೀಕ್ಷೆಯನ್ನು ಗಾಡಿ ಕೊಂಡ ವರ್ಷ ಕಳೆದ ಮೇಲೆ ಮಾಡಿಸುತ್ತಿರಬೇಕು. ಹಳೆಯ ಮಾದರಿಯ ಗಾಡಿಗೆ ಆರು ತಿಂಗಳಿಗೊಮ್ಮೆ, ಬಿಎಸ್ 4 ಮತ್ತು ಅದರ ಮೇಲಿನವಕ್ಕೆ ವರ್ಷಕ್ಕೊಮ್ಮೆ. ಮಾಲಿನ್ಯದ ನಿಯಮ ಮೀರಿದ ಗಾಡಿಗೆ 2019ರ ತಿದ್ದುಪಡಿಯ ನಂತರ 10,000 ರೂಪಾಯಿಯವರೆಗೂ ದಂಡ ವಿಧಿಸಬಹುದು. ಆ ಪರೀಕ್ಷೆಯ ಚೀಟಿ ಇರುವುದೆಲ್ಲಿ? ಸೀಟಿನ ಕೆಳಗಿನ ಪೆಟ್ಟಿಗೆಯಲ್ಲಿ, ವಿಮೆಯ ಕಾಗದದ ಮಡಿಕೆಯಲ್ಲಿ, ಇಲ್ಲವೆ ಫೋನಿನೊಳಗೆ. ಅದನ್ನು ಗಾಜಿಗೆ ಅಂಟಿಸಲಿಲ್ಲವೆಂದು ನಮ್ಮ ಬೀದಿಯಲ್ಲಿ ಯಾರೂ ದಂಡ ಹಾಕುವುದಿಲ್ಲ. ಅಷ್ಟರ ಮಟ್ಟಿಗೆ ನಾವು ಸುಖಿಗಳು. ಆದರೆ ಮರೆತವನಿಗೆ ಗಡುವು ತಿಳಿಯುವುದು ಪೋಲೀಸಿನವರು ಕೈ ಅಡ್ಡ ಮಾಡಿದ ದಿನವೇ. ಪೆಟ್ರೋಲ್ ಬಂಕಿನ ಮೂಲೆಯಲ್ಲಿ ಹೊಗೆ ಅಳೆದು ಕಾಗದ ಕೊಡುವ ಹುಡುಗ ಅದರ ಜೊತೆಗೆ ತಾರೀಖು ಬರೆದ ಇನ್ನೊಂದು ಸಣ್ಣ ಚೀಟಿಯನ್ನು ಕೊಟ್ಟರೆ ಸಾಕು. ಸ್ಕೂಟರಿನವರು ಅದನ್ನು ವೇಗ ತೋರಿಸುವ ಮುಳ್ಳಿನ ಪಕ್ಕದಲ್ಲಿ, ಕಾರಿನವರು ಚುಕ್ಕಾಣಿಯ ಎದುರಿನ ಹಲಗೆಯ ಮೇಲೆ ಅಂಟಿಸಿಕೊಳ್ಳಬಹುದು.