ಹೊಲದ ಹೆಸರು ಕೇಳಿ ಬನ್ನಿ
(ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಈ ಶಾಲೆಯಲ್ಲಿ ಓದಿ, ಬೇರೆ ಊರುಗಳಲ್ಲಿ ಮೇಷ್ಟ್ರಾಗಿ, ನಿವೃತ್ತಿಯ ನಂತರ ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯಲ್ಲಿ ನೆಲೆಸಿದ್ದೇನೆ. ಮನೆ ನಂಬರು, ಕ್ರಾಸು ಬರೆದರೆ ಸಾಕು, ಕಾಗದ ತಲುಪುತ್ತದೆ. ಮನೆಗಳು ಏಳುವ ಮೊದಲು ಈ ನೆಲಕ್ಕೆ ಏನೆನ್ನುತ್ತಿದ್ದರು ಎಂದು ಒಮ್ಮೆ ನಮ್ಮ ಬೀದಿಯಲ್ಲಿ ವಿಚಾರಿಸಿದೆ. ಯಾರಿಗೂ ಗೊತ್ತಿರಲಿಲ್ಲ. ಆಗ ನಮ್ಮೂರು ನೆನಪಾಯಿತು.

ಪಹಣಿಯಲ್ಲಿ ನಮ್ಮ ಹೊಲಕ್ಕೆ ಇರುವುದು ಸರ್ವೆ ನಂಬರು. ಮನೆಯಲ್ಲಿ ಅದು 'ತೊಟ್ಟಿಲ ಹೊಲ'. ಅಜ್ಜಿಯ ಜೊತೆ ಬುತ್ತಿ ಹೊತ್ತು ಎಷ್ಟೋ ಸಲ ಹೋಗಿದ್ದೇನೆ. ಆ ಹೆಸರು ಯಾಕೆ ಬಂತು ಎಂದು ಒಂದು ದಿನವೂ ಕೇಳಲಿಲ್ಲ. ಅಜ್ಜಿ ಹೋದಳು, ಅಪ್ಪನೂ ಹೋದರು. ಇನ್ನು ಹೇಳುವವರಿಲ್ಲ.

ಊರುಗಳ ಹೆಸರಿನ ಬಗ್ಗೆ ದೊಡ್ಡವರು ಬರೆದಿದ್ದಾರೆ. ಶಂ.ಬಾ. ಜೋಶಿಯವರು 'ಎಡೆಗಳು ಹೇಳುವ ಕಂನಾಡ ಕಥೆ' ಎಂಬ ಪುಸ್ತಕವನ್ನೇ ಬರೆದರು. ನಮ್ಮ ಹರಿಹರಕ್ಕೆ ಕೂಡಲೂರು ಎಂಬ ಹಳೆಯ ಹೆಸರಿದೆ. ಸೂಳೆಕೆರೆಯಿಂದ ಬರುವ ಹರಿದ್ರಾ ತುಂಗಭದ್ರೆಯನ್ನು ಕೂಡುವ ಜಾಗ ಅದು. ಸೂಳೆಕೆರೆಯೂ ಹಾಗೆಯೇ. ಬೋರ್ಡಿನಲ್ಲಿ ಶಾಂತಿಸಾಗರ, ಜನರ ಬಾಯಲ್ಲಿ ಸೂಳೆಕೆರೆ. ಆದರೆ ಹೊಲ, ಹಳ್ಳ, ಮರಡಿಗಳ ಹೆಸರಿಗೆ ಶಾಸನವೂ ಇಲ್ಲ, ಬೋರ್ಡೂ ಇಲ್ಲ. ಅವು ಇರುವುದು ಬಾಯಲ್ಲಿ ಮಾತ್ರ.

ಇಂಥ ಕೆಲಸವನ್ನು ದೂರದ ಐರ್ಲೆಂಡಿನಲ್ಲಿ ಒಬ್ಬರು ಮಾಡಿದ್ದಾರೆ. ಅಲ್ಲಿನ ಅರಾನ್ ದ್ವೀಪಗಳ ಜನ ಆಡುವುದು ಗೇಲಿಕ್ ಭಾಷೆ. ಹಿಂದೆ ಸರ್ವೆ ಮಾಡಿದ ಬ್ರಿಟಿಷರು ಅಲ್ಲಿನ ಹೆಸರುಗಳನ್ನು ಇಂಗ್ಲಿಷ್ ನಾಲಿಗೆಗೆ ಒಗ್ಗುವಂತೆ ತಿರುಚಿ ನಕ್ಷೆಗೆ ಹಾಕಿದ್ದರು. 1972ರಲ್ಲಿ ಟಿಮ್ ರಾಬಿನ್‌ಸನ್ ಎಂಬ ಇಂಗ್ಲಿಷ್ ಕಲಾವಿದ ಅಲ್ಲಿ ಹೋಗಿ ನೆಲೆಸಿದರು. ನಕ್ಷೆ ಮಾಡಿ ಎಂದು ಅವರಿಗೆ ಸೂಚಿಸಿದ್ದು ಊರಿನ ಪೋಸ್ಟಾಫೀಸಿನ ಹೆಣ್ಣುಮಗಳು. ಅವರು ಬಂಡೆ ಬಂಡೆ ಸುತ್ತಿ, ಜನರನ್ನು ಕೇಳಿ ಬರೆದುಕೊಂಡು, 1975ರಲ್ಲಿ ನಕ್ಷೆ ಅಚ್ಚು ಹಾಕಿಸಿದರು. ಹೊರಗಿನವರಿಗೆ ಆಗಿದ್ದು ನಮಗೆ ಆಗಬಾರದೇ?

ಮೂರು ವರ್ಷದ ಹಿಂದೆ ಒಂದು ನೋಟ್‌ಬುಕ್ಕು ಹಿಡಿದು ಊರಿಗೆ ಬಂದೆ. ಕುರಿ ಕಾಯುವ ಅಜ್ಜನೊಬ್ಬ ಗುರುವಾದ. ಭಾನುವಾರ ಅವನ ಹಿಂದೆ ನಡೆಯುವುದು, ಅವನು ಹೇಳಿದ್ದನ್ನು ಬರೆಯುವುದು. ಭದ್ರಾ ಕಾಲುವೆಯ ನೀರು ಬಂದ ಮೇಲೆ ಜೋಳದ ಹೊಲ ಭತ್ತದ ಗದ್ದೆಯಾಗಿದೆ. ಈಚೆಗೆ ಜೆಸಿಬಿ ಬಂದು ಮರಡಿಗಳೂ ಸಮವಾಗಿವೆ. ಅಜ್ಜ ಮಾತ್ರ ಬಯಲಲ್ಲಿ ನಿಂತು "ಇದು ನರಿ ಮರಡಿ" ಅನ್ನುತ್ತಿದ್ದ. ಮರಡಿ ಹೋಗಿತ್ತು, ಹೆಸರು ನಿಂತಿತ್ತು.

ಒಂದು ದಿನ ಹೊಸ ಲೇಔಟಿನ ಕಲ್ಲುಗಳನ್ನು ತೋರಿಸಿ, "ಇದು ಕೋಡಿಹಳ್ಳ ಮೇಷ್ಟ್ರೆ. ನೀರು ದಾರಿ ಮರೆಯಂಗಿಲ್ಲ" ಅಂದ. ನನ್ನ ಗೆಳೆಯನೊಬ್ಬ ಅಲ್ಲೇ ಸೈಟು ಕೊಂಡಿದ್ದ. ಆ ಮಳೆಗಾಲ ಕೆರೆ ಕೋಡಿ ಬಿದ್ದಾಗ ಅವನ ಪಾಯದಲ್ಲಿ ಮೊಣಕಾಲುದ್ದ ನೀರು. ಕ್ರಯಪತ್ರದ ಚೆಕ್ಕುಬಂದಿಯಲ್ಲಿ ನಾಲ್ಕು ದಿಕ್ಕಿಗೂ ಸೈಟ್ ನಂಬರು. ಕೋಡಿಹಳ್ಳ ಎಂಬ ಮಾತು ಎಲ್ಲಿಯೂ ಇರಲಿಲ್ಲ.

ಹೋದ ಚಳಿಗಾಲ ಅಜ್ಜ ತೀರಿಕೊಂಡ. ನನ್ನ ನೋಟ್‌ಬುಕ್ಕಿನಲ್ಲಿ 63 ಹೆಸರುಗಳಿವೆ. ಕೆರೆಯಾಚೆಯ ಅಡವಿಗೆ "ಸುಗ್ಗಿ ಮುಗಿದ ಮೇಲೆ ಹೋಗೋಣ" ಅಂದಿದ್ದವನು ನಾನೇ. ಆ ಪುಟಗಳು ಖಾಲಿ ಇವೆ.

ಮಕ್ಕಳೆ, ಅದಕ್ಕೇ ನಿಮ್ಮಲ್ಲಿ ಒಂದು ಕೆಲಸ ಕೇಳುತ್ತೇನೆ. ಇವತ್ತು ಮನೆಗೆ ಹೋಗಿ ನಿಮ್ಮ ಹೊಲದ ಹೆಸರೇನು, ಯಾಕೆ ಆ ಹೆಸರು ಎಂದು ಅಜ್ಜ ಅಜ್ಜಿಯರನ್ನು ಕೇಳಿ. ಸ್ವಂತ ಹೊಲ ಇಲ್ಲದವರು ಅಮ್ಮ ಕೂಲಿಗೆ ಹೋಗುವ ಹೊಲದ ಹೆಸರು ಕೇಳಿ; ಅವರಿಗೆ ನಮಗಿಂತ ಹೆಚ್ಚು ಹೆಸರು ಗೊತ್ತು. ಅವರು ಅಂದ ಹಾಗೆಯೇ ಬರೆಯಿರಿ, ಪುಸ್ತಕದ ಕನ್ನಡಕ್ಕೆ ತಿದ್ದಬೇಡಿ. ಹೇಳಿದವರ ಹೆಸರು, ಸರ್ವೆ ನಂಬರು, ತಾರೀಖು ಪಕ್ಕದಲ್ಲಿರಲಿ. ಒಬ್ಬೊಬ್ಬರು ಒಂದೊಂದು ಹೇಳಿದರೆ ಎರಡನ್ನೂ ಬರೆಯಿರಿ.

ನನ್ನ ನೋಟ್‌ಬುಕ್ಕನ್ನು ಇವತ್ತು ಮುಖ್ಯೋಪಾಧ್ಯಾಯರಿಗೆ ಒಪ್ಪಿಸುತ್ತಿದ್ದೇನೆ. ಶಾಲೆಯ ಗ್ರಂಥಾಲಯದಲ್ಲಿರಲಿ. 'ತೊಟ್ಟಿಲ ಹೊಲ'ದ ಎದುರು ಒಂದು ಸಾಲು ಖಾಲಿ ಬಿಟ್ಟಿದ್ದೇನೆ. ಇಲ್ಲಿ ಕುಳಿತ ಹಿರಿಯರಲ್ಲಿ ಯಾರಿಗಾದರೂ ಗೊತ್ತಿದ್ದರೆ, ಊಟಕ್ಕೆ ಏಳುವ ಮೊದಲು ನನಗೊಂದು ಮಾತು ಹೇಳಿ.